ದೇವರಾಯನದುರ್ಗ, ಮೈದೇನಹಳ್ಳಿ, ಮಧುಗಿರಿ: ಜನವರಿ ಕೊನೆಗೆ ಎರಡು ರಾತ್ರಿ. ಟೆಂಟ್ ಎಲ್ಲಿ, ನೀರು ಎಷ್ಟು?

ಶಿರಾಗೇಟ್_ಸವಾರ
ತುಮಕೂರಿನಿಂದ ಹೊರಡೋದು. ದೊಡ್ಡವರು ನಾಲ್ಕು, ಮಕ್ಕಳು ಎರಡು (9 ಮತ್ತು 12 ವರ್ಷ), ಒಂದು ಏಳು ಸೀಟಿನ ಗಾಡಿ. ಸಂಕ್ರಾಂತಿ ಮುಗಿದ ಮೇಲೆ, ಜನವರಿ ಕೊನೇ ವಾರ. ದೇವರಾಯನದುರ್ಗ, ನಾಮದ ಚಿಲುಮೆ, ಮಧುಗಿರಿ ಏಕಶಿಲಾ ಬೆಟ್ಟ, ಮೈದೇನಹಳ್ಳಿ ಕೃಷ್ಣಮೃಗ, ಸಾಧ್ಯವಾದರೆ ಬುಕ್ಕಾಪಟ್ಟಣದ ಚಿಂಕಾರ (ಸಣ್ಣ ಹುಲ್ಲೆ). ಎರಡು ಡೋಮ್ ಟೆಂಟ್ ಇವೆ. ಕಾಡೊಳಗೆ ಟೆಂಟ್ ಹಾಕಬಹುದಾ? ಎಷ್ಟು ನೀರು ಹೊರಬೇಕು? ಕ್ಯಾಂಪ್ ಫೈರ್ ಹಾಕಬಹುದಾ? ಗೊತ್ತಿದ್ದವರು ನಿಖರವಾಗಿ ಹೇಳಿ, ‘ಎಂಜಾಯ್ ಮಾಡಿ ಬನ್ನಿ’ ಬೇಡ.

ಹಳೇಬೀಟ್
ಸರ್, ಮೊದಲನೇ ಪ್ರಶ್ನೆಗೆ ಉತ್ತರ: ಇಲ್ಲ. ಮೀಸಲು ಅರಣ್ಯದಲ್ಲಿ ಅನುಮತಿ ಇಲ್ಲದೆ ಟೆಂಟ್ ಹಾಕೋದು, ಬೆಂಕಿ ಹಚ್ಚೋದು, ರಾತ್ರಿ ಉಳಿಯೋದು ಮೂರೂ ಅಪರಾಧ. ದೇವರಾಯನದುರ್ಗದ ಸುತ್ತ ಇರೋದೆಲ್ಲ ಬಹುಪಾಲು ಅರಣ್ಯ ಇಲಾಖೆಯ ಜಾಗ. ರಸ್ತೆ ಪಕ್ಕ ಒಂದು ಚಪ್ಪಟೆ ಬಂಡೆ ಕಂಡ ಮಾತ್ರಕ್ಕೆ ಅದು ಯಾರದ್ದೂ ಅಲ್ಲ ಅಂತಲ್ಲ.

ನೀವು ಹೇಳಿದ ಜಾಗಗಳು ಕಾನೂನಿನಲ್ಲಿ ಒಂದೇ ತರ ಅಲ್ಲ, ಅದನ್ನ ಬಿಡಿಸಿ ನೋಡಿದರೆ ಅರ್ಧ ಗೊಂದಲ ಹೋಗುತ್ತೆ. ಬುಕ್ಕಾಪಟ್ಟಣ 2019ರಲ್ಲಿ ಘೋಷಣೆಯಾದ ವನ್ಯಧಾಮ, ಸುಮಾರು 136 ಚದರ ಕಿಲೋಮೀಟರ್. ಅಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ 1972 ಅನ್ವಯ. ಒಳಗೆ ಕಾಲಿಡೋಕೇ ಇಲಾಖೆಯ ಅನುಮತಿ ಬೇಕು. ಮಧುಗಿರಿ–ಕೊರಟಗೆರೆ ನಡುವಿನ ತಿಮ್ಲಾಪುರವೂ ವನ್ಯಧಾಮವೇ, ಅದು ಕರಡಿಗಳ ನಾಡು. ಮೈದೇನಹಳ್ಳಿ ‘ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು’, 2007ರಲ್ಲಿ ಆದದ್ದು, 798 ಎಕರೆ. ನಾಮದ ಚಿಲುಮೆ ಇಲಾಖೆ ನೋಡಿಕೊಳ್ಳೋ ಪ್ರವಾಸಿ ತಾಣ. ಹಗಲು ಹೋಗಿ ಬರೋದಕ್ಕೆ ತೊಂದರೆಯಿಲ್ಲ.

ಹಾಗಾದರೆ ಮಲಗೋದೆಲ್ಲಿ? ದೇವರಾಯನದುರ್ಗದಲ್ಲಿ ಸರ್ಕಾರಿ ಅತಿಥಿಗೃಹ ಇದೆ. ತುಮಕೂರಿನ ಕಚೇರಿಯಲ್ಲಿ ಮೊದಲೇ ಕೇಳಿ, ಲಿಖಿತ ಅನುಮತಿ ಕೈಲಿಟ್ಟುಕೊಂಡೇ ಹತ್ತಿ. ಬಾಗಿಲಲ್ಲಿ ನಿಂತು ಮೇಟಿಯನ್ನ (ಅತಿಥಿಗೃಹ ನೋಡಿಕೊಳ್ಳೋನನ್ನ) ಪುಸಲಾಯಿಸೋದು ಅವನ ಕೆಲಸಕ್ಕೆ ಕುತ್ತು ತರುತ್ತೆ. ಟೆಂಟೇ ಬೇಕು ಅಂದರೆ ಖಾಸಗಿ ತೋಟ, ಮಾಲೀಕನ ಒಪ್ಪಿಗೆಯ ಮೇಲೆ.

ಕಲ್ಲುಗುಡ್ಡ_ಕೊರಟಗೆರೆ
ಖಾಸಗಿ ಕ್ಯಾಂಪ್ ಬುಕ್ ಮಾಡೋಕೆ ಮುಂಚೆ ಫೋನಿನಲ್ಲೇ ಕೇಳಬೇಕಾದ್ದು ಹೇಳ್ತೀನಿ. ಜಮೀನು ಪಟ್ಟಾನಾ, ಕಾಡಂಚಿನಿಂದ ಎಷ್ಟು ದೂರ? ಕುಡಿಯೋ ನೀರು ಬೋರ್‌ವೆಲ್ಲಿಂದಲೋ ಕ್ಯಾನಿನದೋ? ಶೌಚಾಲಯಕ್ಕೆ ನೀರು ರಾತ್ರಿಯೂ ಬರುತ್ತಾ? ಮಿಕ್ಕ ಊಟ ಎಲ್ಲಿ ಸುರೀತಾರೆ? ಈ ಕೊನೇ ಪ್ರಶ್ನೆಗೆ ‘ಹಿಂದ್ಗಡೆ ಎಸೀತೀವಿ ಸಾರ್’ ಅಂದ್ರೆ ಬೇರೆ ಕಡೆ ನೋಡಿ. ಆ ಹಿಂದ್ಗಡೆಗೆ ಮೊದಲು ನಾಯಿ ಬರುತ್ತೆ, ನಾಯಿ ಹಿಂದೆ ಚಿರತೆ.

‘ಬೆಟ್ಟದ ತುದೀಲೇ ಟೆಂಟ್, ಸನ್‌ರೈಸ್ ವ್ಯೂ’ ಅಂತ ಜಾಹೀರಾತು ಹಾಕೋರ ಹತ್ತಿರ ಹೋಗಲೇಬೇಡಿ. ನಮ್ಮ ಕಡೆ ಬೆಟ್ಟದ ತುದಿ ಅಂದ್ರೆ ಹೆಚ್ಚಿನಂಶ ಅರಣ್ಯ, ಇಲ್ಲ ಪುರಾತತ್ವ ಇಲಾಖೆಯ ಕೋಟೆ.

ತಾಯಿಮಗು_ಟ್ರಿಪ್ಪು
ನೀರಿನ ಲೆಕ್ಕ ನಾನು ಹಾಕಿಕೊಡ್ತೀನಿ ಅಣ್ಣ. ಜನವರಿ ಅಂತ ಮೋಸ ಹೋಗಬೇಡಿ. ಬೆಳಿಗ್ಗೆ ಚಳಿ ಇದ್ದರೂ ಹನ್ನೊಂದು ಗಂಟೆಗೆ ಬಂಡೆ ಕಾಯುತ್ತೆ, ಗಾಳಿ ಒಣ, ಬೆವರು ಚರ್ಮದ ಮೇಲೆ ನಿಲ್ಲಲ್ಲ, ಹಾಗಾಗಿ ಬಾಯಾರಿದ್ದೇ ಗೊತ್ತಾಗಲ್ಲ.

ಕುಡಿಯೋಕೆ ತಲೆಗೆ ದಿನಕ್ಕೆ 4 ಲೀಟರ್. ಮಕ್ಕಳಿಗೆ 3 ಸಾಕು ಅನ್ನಿಸಿದರೂ 4 ಇಟ್ಟುಕೊಳ್ಳಿ, ಚೆಲ್ಲೋದು ಅವರೇ. ಅಡುಗೆಗೆ 2. ಕೈ, ಮುಖ, ಪಾತ್ರೆಗೆ 3. ಒಟ್ಟು 9 ಲೀಟರ್. ಆರು ಜನಕ್ಕೆ ದಿನಕ್ಕೆ 54. ಎರಡು ದಿನಕ್ಕೆ 108, ಅಂದರೆ 20 ಲೀಟರ್ ಕ್ಯಾನ್ ಆರು. ಸ್ನಾನ ಇದರಲ್ಲಿಲ್ಲ.

ಆರು ಕ್ಯಾನ್ ಅಂದ್ರೆ 120 ಕೆ.ಜಿ. ಏಳು ಸೀಟಿನ ಗಾಡಿಯಲ್ಲಿ ಆರು ಜನ, ಟೆಂಟು, ಪಾತ್ರೆ, ಮೇಲೆ ಇದು. ಹಿಂದಿನ ಚಕ್ರ ಕುಸಿಯುತ್ತೆ, ಘಾಟಿ ತಿರುವಲ್ಲಿ ಗಾಡಿ ಓಲಾಡುತ್ತೆ. ಅದಕ್ಕೆ ಮೂರು ಕ್ಯಾನ್ ಸಾಕು, ದಿನಾ ತುಂಬಿಸಿಕೊಳ್ಳಿ. ದೊಡ್ಡ ಹಳ್ಳಿಗಳಲ್ಲೆಲ್ಲ ಶುದ್ಧ ಕುಡಿಯುವ ನೀರಿನ ಘಟಕ ಇರುತ್ತೆ. ಕಾಯಿನ್ ಹಾಕಿದರೆ ಒಂದು ಕ್ಯಾನ್ ತುಂಬುತ್ತೆ. ಎಷ್ಟೋ ಕಡೆ ಯುಪಿಐ ನಡೆಯಲ್ಲ. ಐದು ರೂಪಾಯಿ ನಾಣ್ಯ, ಒಂದು ರೂಪಾಯಿ ನಾಣ್ಯ ಎರಡೂ ಡಬ್ಬಿಯಲ್ಲಿರಲಿ. ಕರೆಂಟ್ ಹೋದರೆ ಘಟಕ ನಿಲ್ಲುತ್ತೆ, ಹಾಗಾಗಿ ಕೊನೇ ಕ್ಯಾನ್ ಖಾಲಿಯಾಗೋವರೆಗೆ ಕಾಯಬೇಡಿ. ಎರಡನೇದು ಮುಗೀತಿದ್ದ ಹಾಗೇ ತುಂಬಿಸಿ.

ಪಾತ್ರೆ ತೊಳೆಯೋ ನೀರು ಉಳಿಸೋಕೆ ಮುತ್ತುಗದ ಎಲೆ. ಒಂದು ಕಟ್ಟು ತಗೊಂಡರೆ ಎರಡು ದಿನದ ಊಟ ಆಯ್ತು. ಒಂದು ಹೊತ್ತು ರಾಗಿ ಹುರಿಹಿಟ್ಟು, ಮಜ್ಜಿಗೆ, ಬೆಲ್ಲ. ಒಲೆ ಹಚ್ಚೋದೇ ಬೇಡ.

ಬೋರ್‌ವೆಲ್_ಬಸಣ್ಣ
ಮೇಡಂ ಲೆಕ್ಕ ಸರಿ. ಒಂದು ಸೇರಿಸ್ತೀನಿ. ಪಾವಗಡ, ಶಿರಾ, ಮಧುಗಿರಿ, ಆಕಡೆ ಬಾಗೇಪಲ್ಲಿ, ಗೌರಿಬಿದನೂರು: ಆಳದ ಬೋರ್ ನೀರಲ್ಲಿ ಫ್ಲೋರೈಡ್ ಜಾಸ್ತಿ. ಮಿತಿ ಲೀಟರಿಗೆ 1.5 ಮಿಲಿಗ್ರಾಂ. ಎರಡು ದಿನ ಕುಡಿದರೆ ಯಾರಿಗೂ ಏನೂ ಆಗಲ್ಲ, ಅದು ವರ್ಷಗಟ್ಟಲೆ ಕುಡಿದವರ ಹಲ್ಲು, ಮೂಳೆಗೆ ಬರೋ ಕಾಯಿಲೆ. ಆದರೆ ‘ಕುದಿಸಿದರೆ ಹೋಗುತ್ತೆ’ ಅನ್ನೋದು ಸುಳ್ಳು. ಕುದಿಸಿದರೆ ನೀರು ಆವಿಯಾಗಿ ಫ್ಲೋರೈಡ್ ಇನ್ನೂ ಗಟ್ಟಿಯಾಗುತ್ತೆ. ಕುದಿಸೋದು ಕ್ರಿಮಿಗೆ, ಫ್ಲೋರೈಡಿಗೆ ಆರ್‌ಒ ಘಟಕವೇ ಬೇಕು. ಬಟ್ಟೆ ಸೋಸುವಿಕೆ, ಕ್ಲೋರಿನ್ ಮಾತ್ರೆ ಯಾವುದೂ ಅದನ್ನ ತೆಗೆಯಲ್ಲ.

ಅಂತರಗಂಗೆ_ಮೆಟ್ಟಿಲು
ಕೋಲಾರ, ಚಿಕ್ಕಬಳ್ಳಾಪುರ ಕಡೆ ತಿರುಗೋರಿಗೆ ಇದಕ್ಕಿಂತ ಮುಖ್ಯವಾದ ಮಾತು. ರಸ್ತೆ ಬದಿ ಕೆರೆ ತುಂಬಿ ತುಳುಕ್ತಾ ಇದೆ ಅಂತ ಮಕ್ಕಳನ್ನ ಇಳಿಸಬೇಡಿ. ಕೋಲಾರದ ಎಷ್ಟೋ ಕೆರೆಗೆ ಬರೋದು ಕೆ.ಸಿ. ವ್ಯಾಲಿ ನೀರು, ಚಿಕ್ಕಬಳ್ಳಾಪುರದ ಕೆರೆಗಳಿಗೆ ಎಚ್.ಎನ್. ವ್ಯಾಲಿ ನೀರು. ಎರಡೂ ಬೆಂಗಳೂರಿನ ಕೊಳಚೆಯನ್ನ ಎರಡನೇ ಹಂತದವರೆಗೆ ಸಂಸ್ಕರಿಸಿ ಬಿಟ್ಟದ್ದು. ಅಂತರ್ಜಲ ಏರಲಿ ಅಂತ ತಂದದ್ದು, ಈಜೋಕೆ, ಅಡುಗೆಗೆ ಅಲ್ಲ. ಕ್ಯಾಂಪಿಗೆ ತಂದು ಕುದಿಸಿ ಬಳಸೋ ಯೋಚನೆಯೂ ಬೇಡ. ಕುದಿಸಿದರೆ ಕ್ರಿಮಿ ಸಾಯುತ್ತೆ, ಸಾಬೂನು, ರಾಸಾಯನಿಕ ಹಾಗೇ ಇರುತ್ತೆ.

ಬೆಟ್ಟದ ಮೇಲಿನ ದೊಣೆ ನೀರನ್ನೂ ಬಿಡಿ. ಬೇಸಿಗೆಗೆ ಕೋತಿ, ಕರಡಿ, ಹಕ್ಕಿಗೆಲ್ಲ ಅದೊಂದೇ. ಅದರಲ್ಲಿ ಕೈ ತೊಳೆದು, ಶಾಂಪೂ ಹಾಕಿ ಬರೋರೂ ಇದ್ದಾರೆ.

ನಗರದ_ಹುಡುಗ
ಎಲ್ಲಾ ಓದಿ ಭಯ ಆಯ್ತು ಗುರು 😅 ಕ್ಯಾಂಪ್ ಫೈರ್ ಇಲ್ಲದೆ ಅದೆಂಥ ಕ್ಯಾಂಪು? ಸಣ್ಣದಾಗಿ ಕಲ್ಲಿಟ್ಟು ಹಚ್ಚಿದ್ರೆ ಏನಾಗುತ್ತೆ?

ಹಳೇಬೀಟ್
ಏನಾಗುತ್ತೆ ಅಂತ ಹೇಳ್ತೀನಿ ಕೇಳಿ. ಜನವರಿ ಕೊನೆಗೆ ದೇವರಾಯನದುರ್ಗದ ಇಳಿಜಾರಲ್ಲಿ ಹುಲ್ಲು ಎದೆಮಟ್ಟ ನಿಂತು ಒಣಗಿರುತ್ತೆ. ಇಲಾಖೆಯೋರು ಬೆಂಕಿರೇಖೆ (ಬೆಂಕಿ ದಾಟದ ಹಾಗೆ ಹುಲ್ಲು ತೆಗೆದ ಪಟ್ಟಿ) ಸವರಿ ಮೇ ತಿಂಗಳವರೆಗೆ ಕಾವಲು ಕಾಯೋದು ಅದಕ್ಕೇ. ಬೆಂಕಿ ಇಳಿಜಾರು ಹತ್ತೋವಾಗ ಮೇಲಿನ ಹುಲ್ಲನ್ನ ಮೊದಲೇ ಬಿಸಿಮಾಡಿ ಒಣಗಿಸ್ಕೊಂಡು ಹತ್ತುತ್ತೆ, ಅದಕ್ಕೇ ಏರಲ್ಲಿ ಅದರ ವೇಗ ಸಮತಟ್ಟಿಗಿಂತ ಎಷ್ಟೋ ಪಾಲು ಹೆಚ್ಚು. ಮಧ್ಯಾಹ್ನದ ಗಾಳಿ ಸೇರಿದರೆ ಓಡಿ ತಪ್ಪಿಸಿಕೊಳ್ಳೋ ಮಾತೇ ಇಲ್ಲ. ಕಲ್ಲಿನ ಸುತ್ತು ಕಿಡಿಯನ್ನ ತಡೆಯಲ್ಲ.

ಅದರ ಮೇಲೆ, ಬಂಡೆ ಮೇಲೆ ಬೆಂಕಿ ಹಾಕೋದು ಇನ್ನೊಂದು ಕೆಟ್ಟ ಚಾಳಿ. ಗ್ರಾನೈಟ್ ಮೇಲ್ಪದರ ಮಾತ್ರ ಕಾದು ಹಿಗ್ಗಿ, ಚಕ್ಕೆ ಸಿಡಿಯುತ್ತೆ. ತೇವ ಇರೋ ಕಲ್ಲಾದ್ರೆ ಒಳಗಿನ ನೀರು ಆವಿಯಾಗಿ ಜೋರಾಗೇ ಸಿಡಿಯುತ್ತೆ. ಕಣ್ಣು ಹೋಗೋ ಕೆಲಸ.

ಕಲ್ಲುಗುಡ್ಡ_ಕೊರಟಗೆರೆ
ಖಾಸಗಿ ತೋಟದಲ್ಲಿ, ಮಾಲೀಕ ಕಟ್ಟಿಸಿರೋ ಗುಂಡಿಯಲ್ಲಿ ಹಾಕೋದಕ್ಕೆ ನನ್ನ ಅಡ್ಡಿ ಇಲ್ಲ. ಸುತ್ತ ಮೂರು ಮೀಟರ್ ಬರೀ ಮಣ್ಣು ಇರಬೇಕು, ಮೇಲೆ ಕೊಂಬೆ ಇರಬಾರದು, ಹತ್ತಿರದಲ್ಲಿ ತುಂಬಿದ ಬಕೆಟ್ ಎರಡು. ಗಾಳಿ ಎದ್ದರೆ ಹಾಕಲೇಬೇಡಿ. ಆರಿಸೋದು ಮಲಗೋಕೆ ಅರ್ಧ ಗಂಟೆ ಮುಂಚೆ: ನೀರು ಸುರಿ, ಕೋಲಲ್ಲಿ ಕೆದಕು, ಮತ್ತೆ ಸುರಿ, ಮುಂಗೈ ಹತ್ತಿರ ಹಿಡಿದು ನೋಡು. ಬಿಸಿ ಇದ್ದರೆ ಆರಿಲ್ಲ. ಮೇಲೆ ಮಣ್ಣು ಮುಚ್ಚಿ ಹೋಗೋದು ಅತಿ ದೊಡ್ಡ ತಪ್ಪು; ಒಳಗೆ ಕೆಂಡ ಬೆಳಗಿನವರೆಗೂ ಜೀವ ಹಿಡ್ಕೊಂಡು ಕೂತಿರುತ್ತೆ. ಹೊರಗೆ ಹೋಗಿ ಕಟ್ಟಿಗೆ ಆರಿಸಿ ತರಬೇಡಿ, ಒಣಗಿಬಿದ್ದ ಕೊಂಬೆ ಕೆಳಗೆ ಚೇಳು ಇರೋದೇ ಹೆಚ್ಚು.

ಅಡುಗೆಗಂತೂ ಗ್ಯಾಸ್ ಕ್ಯಾನಿಸ್ಟರ್ ಒಲೆ ಸಾಕು. 230 ಗ್ರಾಂ ಕ್ಯಾನಿಸ್ಟರ್ ಒಂದು ಹನ್ನೆರಡರಿಂದ ಹದಿನೈದು ಲೀಟರ್ ನೀರು ಕುದಿಸುತ್ತೆ, ಗಾಳಿ ಇದ್ದರೆ ಅದರ ಅರ್ಧ. ಗಾಳಿ ತಡೆಯೋಕೆ ತಗಡು ಇಡಿ, ಆದರೆ ಒಲೆಯ ಸುತ್ತ ಪೂರ್ತಿ ಸುತ್ತಬೇಡಿ: ಬಿಸಿ ಕ್ಯಾನಿಸ್ಟರಿಗೆ ತಿರುಗಿ ಬಡಿದು ಅದು ಸಿಡಿಯೋ ಅಪಾಯ ಇದೆ. ಒಂದು ಕಡೆ ತೆರೆದಿರಲಿ, ಆಗಾಗ ಕ್ಯಾನಿಸ್ಟರ್ ಮುಟ್ಟಿ ನೋಡಿ. ಟೆಂಟೊಳಗೆ ಒಲೆ ಹಚ್ಚೋದು ಬೇಡವೇ ಬೇಡ, ಉಸಿರು ಕಟ್ಟುತ್ತೆ, ಬಟ್ಟೆಗೂ ಹತ್ಕೊಳ್ಳುತ್ತೆ.

ನಗರದ_ಹುಡುಗ
ಒಪ್ಪಿದೆ. ಟೆಂಟ್ ಗೂಟ ನೆಲಕ್ಕೆ ಇಳಿಯೋದೇ ಇಲ್ಲ ಅಂತಾರಲ್ಲ?

ಗೂಟಹಗ್ಗ
ಇಳಿಯಲ್ಲ. ನಿಮ್ಮ ಟೆಂಟ್ ಜೊತೆ ಬರೋ ತೆಳು ಅಲ್ಯೂಮಿನಿಯಂ ಗೂಟ ಗೊರಚು ನೆಲದಲ್ಲಿ ಎರಡನೇ ಏಟಿಗೇ ಬಾಗುತ್ತೆ. 8 ಮಿಲಿಮೀಟರಿನ ಕಬ್ಬಿಣದ ಸರಳು, ಒಂದಡಿ ಉದ್ದ, ವೆಲ್ಡಿಂಗ್ ಶಾಪಿನಲ್ಲಿ ತುದಿ ಬಗ್ಗಿಸಿಕೊಡ್ತಾರೆ. ಎರಡು ಟೆಂಟಿಗೆ ಹದಿನಾರು ಮಾಡಿಸಿ. ಒಂದು ಕೆ.ಜಿ. ಸುತ್ತಿಗೆ. ಅದೂ ಇಳಿಯದ ಕಡೆ ಹಗ್ಗದ ಕುಣಿಕೆಯನ್ನ ಒಂದು ಕೋಲಿಗೆ ಸುತ್ತಿ, ಕೋಲಿನ ಮುಂದೆ, ಟೆಂಟಿನ ಕಡೆಗೆ, ಹತ್ತು ಹದಿನೈದು ಕೆ.ಜಿ. ತೂಕದ ಕಲ್ಲಿಡಿ. ಹಗ್ಗವನ್ನ ನೇರ ಕಲ್ಲಿಗೆ ಕಟ್ಟಿದರೆ ಗಾಳಿಗೆ ಉಜ್ಜಿ ಉಜ್ಜಿ ರಾತ್ರಿಯೊಳಗೆ ಸವೆದು ತುಂಡಾಗುತ್ತೆ. ಕಲ್ಲೆತ್ತೋವಾಗ ಕೈಯನ್ನ ಅಡಿಗೆ ತೂರಿಸಬೇಡಿ, ಕೋಲಲ್ಲಿ ಮಗುಚಿ ನೋಡಿ ಆಮೇಲೆ ಎತ್ತಿ.

ನೆಲಹಾಸಿನ ಅಂಚು ಟೆಂಟಿನ ಅಂಚಿಗಿಂತ ಒಳಗೆ ಇರಬೇಕು, ಹೊರಗೆ ಚಾಚಿದ್ದರೆ ಇಬ್ಬನಿ ನೀರೆಲ್ಲ ಅದರ ಮೇಲೆ ಇಳಿದು ಹಾಸಿಗೆ ಕೆಳಗೆ ಸೇರುತ್ತೆ. ಗಾಳಿ ತುಂಬೋ ಹಾಸಿಗೆ ತರಬೇಡಿ. ಬಳ್ಳಾರಿ ಜಾಲಿ ಮುಳ್ಳು ಚಪ್ಪಲಿ ಅಡಿಯಿಂದ ಕಾಲಿಗೇ ಬರುತ್ತೆ, ಹಾಸಿಗೆ ಯಾವ ಲೆಕ್ಕ. ಫೋಮ್ ಮ್ಯಾಟ್ ಸಾಕು. ಅದೇ ಮುಳ್ಳು ಟೈರಿಗೂ ಅನ್ನೋದು ನೆನಪಿರಲಿ: ಸ್ಟೆಪ್ನಿ ಗಾಳಿ ನೋಡಿಸಿ, 12 ವೋಲ್ಟ್ ಪಂಪು, ಟ್ಯೂಬ್‌ಲೆಸ್ ಪಂಕ್ಚರ್ ಕಿಟ್ ಇಟ್ಟುಕೊಳ್ಳಿ. ಹೊಲದ ಬೇಲಿ ಸವರಿ ದಾರಿಗೆ ಹಾಕಿರೋ ಕಡೆ ಗಾಡಿ ಹತ್ತಿಸಬೇಡಿ.

ಕರಡಿಬೆಟ್ಟ
ಕರಡಿ ಬಗ್ಗೆ ಯಾರೂ ಸರಿಯಾಗಿ ಹೇಳಲಿಲ್ಲ. ತುಮಕೂರು ಜಿಲ್ಲೆಯಲ್ಲಿ ಚಿರತೆಗಿಂತ ಹೆಚ್ಚು ಹುಷಾರಾಗಿರಬೇಕಾದ್ದು ಕರಡಿಗೆ. ಅದಕ್ಕೆ ಕಣ್ಣು ಮಂದ, ಮೂಗು ಚುರುಕು. ಹುತ್ತ ಕೆದಕ್ತಾ ಇದ್ದರೆ ನೀವು ಹತ್ತಿರ ಬಂದದ್ದೇ ಗೊತ್ತಾಗಲ್ಲ. ಗೊತ್ತಾದಾಗ ಗಾಬರಿಯಿಂದ ಮೇಲೆರಗುತ್ತೆ, ಮುಖ–ತಲೆಗೇ ಕೈ ಹಾಕುತ್ತೆ. ಹಗಲೆಲ್ಲ ಬಂಡೆ ಸಂದಿನಲ್ಲಿ ಮಲಗಿ, ಮುಸ್ಸಂಜೆಗೆ ಇಳಿದು, ಬೆಳಗಾಗೋ ಹೊತ್ತಿಗೆ ವಾಪಸ್ ಹತ್ತುತ್ತೆ. ಅಂದರೆ ‘ಸನ್‌ರೈಸ್’, ‘ಸನ್‌ಸೆಟ್’ ಅಂತ ನೀವು ಓಡಾಡೋ ಹೊತ್ತೂ ಅದು ಓಡಾಡೋ ಹೊತ್ತೂ ಒಂದೇ. ಜನವರಿ ಎಲಚಿ ಹಣ್ಣಿನ ಕಾಲ ಬೇರೆ.

ಜನವರಿ ಕೊನೆಗೆ ಸೂರ್ಯ ಮುಳುಗೋದು ಸಂಜೆ 6.20ರ ಆಸುಪಾಸು. 5.30ಕ್ಕೆ ಎಲ್ಲರೂ ಗಾಡಿ ಹತ್ತಿರ ಇರಬೇಕು. ನಡೆಯೋವಾಗ ಮಾತಾಡ್ತಾ ನಡೀರಿ. ಕಾಡಲ್ಲಿ ಸದ್ದು ಮಾಡಬಾರದು ಅನ್ನೋ ನಿಯಮ ಕರಡಿ ನಾಡಲ್ಲಿ ಸ್ವಲ್ಪ ಸಡಿಲ. ಸ್ಪೀಕರ್ ಹಾಕಿ ಅಂತಲ್ಲ, ಮನುಷ್ಯರ ದನಿ ಸಾಕು. ಗುಹೆ, ಬಂಡೆ ಪೊಟರೆಗಳಿಗೆ ಮಕ್ಕಳನ್ನ ನುಗ್ಗಿಸಬೇಡಿ. ಸಾಕುನಾಯಿ ಮನೇಲಿರಲಿ. ಹಣ್ಣು, ಬೆಲ್ಲ, ಬಿಸ್ಕೆಟ್ ಯಾವುದೂ ಟೆಂಟಲ್ಲಿ ಬೇಡ, ಗಾಡಿಯೊಳಗಿಟ್ಟು ಗಾಜು ಏರಿಸಿ. ಕಾಡುಪ್ರಾಣಿ ಕಂಡು ತೊಂದರೆ ಅನ್ನಿಸಿದರೆ ಅರಣ್ಯ ಇಲಾಖೆ ಸಹಾಯವಾಣಿ 1926.

ಅಂತರಗಂಗೆ_ಮೆಟ್ಟಿಲು
ಕೋಲಾರದ ಕಡೆಯಾದ್ರೆ ಬಂಗಾರಪೇಟೆ, ಕಾಮಸಮುದ್ರದ ಗಡಿಕಾಡಲ್ಲಿ ಆನೆ. ತಮಿಳುನಾಡು, ಆಂಧ್ರದಿಂದ ದಾಟಿ ಬರುತ್ವೆ. ಆ ಭಾಗದಲ್ಲಿ ಟೆಂಟ್ ಅನ್ನೋ ಮಾತೇ ಎತ್ತಬೇಡಿ.

ಸ್ಟಾಫ್‌ರೂಮ್_ಸಿಸ್ಟರ್
ಹಾವಿನ ವಿಷಯ. ಬಯಲುಸೀಮೆಯಲ್ಲಿ ನಾಲ್ಕು: ನಾಗರ, ಕೊಳಕುಮಂಡಲ, ಗರಗಸಮಂಡಲ, ಕಟ್ಟುಹಾವು. ಟೆಂಟಿನವರು ಹೆಚ್ಚು ತಿಳಿದಿರಬೇಕಾದ್ದು ಕಟ್ಟುಹಾವು. ಅದು ರಾತ್ರಿ ನೆಲದ ಮೇಲೆ ಮಲಗಿದವರನ್ನೇ ಕಚ್ಚೋದು. ನೋವು ಇರಲ್ಲ, ಬಾವು ಇರಲ್ಲ, ಹಲ್ಲಿನ ಗುರುತು ಕೂಡ ಕಾಣದೇ ಇರಬಹುದು. ಬೆಳಗಿನ ಜಾವ ಹೊಟ್ಟೆನೋವು, ಗಂಟಲು ಹಿಡಿದ ಹಾಗೆ, ರೆಪ್ಪೆ ಎತ್ತೋಕಾಗ್ತಿಲ್ಲ ಅಂದ್ರೆ ‘ರಾತ್ರಿ ಊಟ ಸರಿಯಿಲ್ಲ’ ಅಂತ ಸೋಡಾ ಕುಡಿಸ್ತಾ ಕೂರಬೇಡಿ, ಆಸ್ಪತ್ರೆಗೆ ಹೊರಡಿ.

ಟೆಂಟಿನ ಜಿಪ್ ಸದಾ ಮುಚ್ಚಿರಲಿ, ಎರಡು ನಿಮಿಷಕ್ಕೆ ಹೊರಗೆ ಹೋದರೂ. ಶೂ ಒಳಗಿಡಿ, ಹಾಕೋ ಮುಂಚೆ ಕೊಡವಿ. ರಾತ್ರಿ ಮೂತ್ರಕ್ಕೆ ಎದ್ದರೆ ಟಾರ್ಚ್ ಹಾಕಿ ನೋಡಿ ಕಾಲಿಡಿ. ಮೊಬೈಲ್ ಬೆಳಕು ಸಾಲದು.

ಕಚ್ಚಿದರೆ: ಉಂಗುರ, ಬಳೆ, ವಾಚು ತೆಗೆಯಿರಿ. ಕೈಕಾಲನ್ನ ಕೋಲು ಕಟ್ಟಿ ಅಲ್ಲಾಡದ ಹಾಗೆ ಮಾಡಿ. ಬಿಗಿಯಾಗಿ ದಾರ ಕಟ್ಟೋದು, ಕೊಯ್ಯೋದು, ಹೀರೋದು, ಐಸ್ ಇಡೋದು ಯಾವುದೂ ಬೇಡ. ನಡೆಸಬೇಡಿ, ಹೊತ್ತು ತನ್ನಿ. 108ಕ್ಕೆ ಕರೆ ಮಾಡಿ, ಗಾಡಿ ಇದ್ದರೆ ಕಾಯದೆ ಹೊರಟು ದಾರಿಯಲ್ಲಿ ಎದುರಾಗಿ. ಹಾವನ್ನ ಹಿಡಿಯೋಕೆ, ಕೊಲ್ಲೋಕೆ ಹೊತ್ತು ಕಳೀಬೇಡಿ. ಇಲ್ಲಿ ಕೊಡೋ ಔಷಧ (ಎಎಸ್‌ವಿ) ಈ ನಾಲ್ಕಕ್ಕೂ ಒಂದೇ. ಹೊರಡೋ ಹಿಂದಿನ ದಿನ ಮಧುಗಿರಿ ತಾಲ್ಲೂಕು ಆಸ್ಪತ್ರೆಗೆ ಫೋನ್ ಮಾಡಿ ‘ಎಎಸ್‌ವಿ ಇದೆಯಾ’ ಅಂತ ಕೇಳೋದು ತಪ್ಪಲ್ಲ.

ಒಆರ್‌ಎಸ್ ದೊಡ್ಡ ಪೊಟ್ಟಣ ಒಂದು ಲೀಟರಿಗೆ, ಚಿಕ್ಕದು 200 ಎಂ.ಎಲ್.ಗೆ. ದೊಡ್ಡದನ್ನ ಲೋಟಕ್ಕೆ ಸುರಿದು ಕೊಟ್ಟರೆ ಮಕ್ಕಳಿಗೆ ಉಪ್ಪು ಜಾಸ್ತಿಯಾಗಿ ಇನ್ನೂ ತೊಂದರೆ. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ನೀರು, ಮಟ್ಟವಾದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು.

ಏಕಶಿಲೆ
ಮಧುಗಿರಿ ಬೆಟ್ಟಕ್ಕೆ ಬರೋಣ. ಒಂದೇ ಬಂಡೆ, ನೆರಳಿಲ್ಲ. ಮೇಲಕ್ಕೆ ಹೋಗ್ತಾ ಕಡಿದಾದ ಭಾಗದಲ್ಲಿ ಬಂಡೆಗೇ ಕೊರೆದ ಮೆಟ್ಟಿಲು, ಪಕ್ಕದಲ್ಲಿ ಹಿಡಿದುಕೊಳ್ಳೋಕೆ ಕಂಬಿ. ಹತ್ತೋದು ಸುಲಭ, ಜನ ಸಿಕ್ಕಿಹಾಕ್ಕೊಳ್ಳೋದು ಇಳಿಯೋವಾಗ. ಮುಖ ಹೊರಗೆ ಮಾಡಿ ಇಳಿದರೆ ಕಣ್ಣೆದುರು ಪ್ರಪಾತ ಕಂಡು ಕಾಲು ನಡುಗುತ್ತೆ. ಬಂಡೆ ಕಡೆ ಮುಖ ಮಾಡಿ, ಏಣಿ ಇಳಿದ ಹಾಗೆ ಇಳೀರಿ. ಕಂಬಿ ಬಿಸಿಲಿಗೆ ಸುಡುತ್ತೆ. ಹತ್ತಿ ಕೈಗವಸು ಇರಲಿ. 12 ವರ್ಷದವರಿಗೆ ಸರಿ. 9 ವರ್ಷದ ಮಗುವನ್ನ ಕೆಳಗಿನ ಕೋಟೆಬಾಗಿಲವರೆಗೆ ಕರ್ಕೊಂಡು ಹೋಗಿ ಒಬ್ಬರು ಜೊತೆಗೆ ಅಲ್ಲೇ ಉಳಿಯೋದು ವಾಸಿ. ಬೆಳಿಗ್ಗೆ ಬೇಗ ಶುರು ಮಾಡಿ, ಬಂಡೆ ಕಾಯೋ ಮುಂಚೆ ಇಳಿದಿರಬೇಕು. ಮಳೆ ಬಿದ್ದು ಪಾಚಿ ಹಸಿಯಾಗಿದ್ದರೆ, ಗುಡುಗು ಕೇಳಿಸಿದರೆ ಹತ್ತಲೇಬಾರದು. ಬೋಳುಬಂಡೆ ಮೇಲೆ ನೀವೇ ಅತಿ ಎತ್ತರದ ವಸ್ತು.

ಬಂಡೆ ಮುಖದಲ್ಲಿ ಹೆಜ್ಜೇನು ತಟ್ಟಿ ಇದ್ದರೆ ಸೆಂಟು, ಸಿಗರೇಟು, ಡ್ರೋನು, ಕಿರುಚಾಟ ನಾಲ್ಕೂ ಬೇಡ. ಎದ್ದರೆ ಕೈ ಬೀಸದೆ, ಮುಖಕ್ಕೆ ಬಟ್ಟೆ ಸುತ್ತಿ, ದೂರ ಹೋಗಿ. ಆದರೆ ಕಡಿದಾದ ಜಾಗದಲ್ಲಿ ಓಡಬೇಡಿ, ಜೇನಿಗಿಂತ ಬೀಳೋದು ಕೊಲ್ಲುತ್ತೆ. ಮುಳ್ಳನ್ನ ಉಗುರಲ್ಲೋ ಕಾರ್ಡಲ್ಲೋ ತಕ್ಷಣ ಕೆರೆದು ತೆಗೀರಿ. ಹೇಗೆ ಅನ್ನೋದಕ್ಕಿಂತ ಎಷ್ಟು ಬೇಗ ಅನ್ನೋದು ಮುಖ್ಯ.

ಹುಲ್ಲುಗಾವಲು
ಮೈದೇನಹಳ್ಳಿಗೆ ಮಧ್ಯಾಹ್ನ ಹೋಗಿ ‘ಏನೂ ಇಲ್ಲ’ ಅಂತ ಬೈಯೋರೇ ಜಾಸ್ತಿ. ಬಿಸಿಲಲ್ಲಿ ಕೃಷ್ಣಮೃಗ ನೀಲಗಿರಿ ತೋಪಿನ ನೆರಳಿಗೆ ಸೇರುತ್ತೆ. ಸೂರ್ಯ ಹುಟ್ಟಿ ಒಂದೂವರೆ ಗಂಟೆ, ಮುಳುಗೋಕೆ ಮುಂಚಿನ ಒಂದೂವರೆ ಗಂಟೆ, ಅಷ್ಟೇ ಹೊತ್ತು. ಗಾಡಿ ದಾರಿ ಬಿಟ್ಟು ಹುಲ್ಲಿಗೆ ಇಳಿಸಬೇಡಿ. ಮರಿಗಳನ್ನ ತಾಯಿ ಹುಲ್ಲಲ್ಲೇ ಅವಿಸಿಟ್ಟು ಮೇಯೋಕೆ ಹೋಗಿರುತ್ತೆ, ನೆಲದಲ್ಲಿ ಗೂಡು ಮಾಡೋ ಹಕ್ಕಿಗಳೂ ಇವೆ. ಗಾಡಿ ನಿಲ್ಲಿಸಿ, ಎಂಜಿನ್ ಆರಿಸಿ, ಒಳಗೇ ಕೂತು 8×42 ದುರ್ಬೀನಲ್ಲಿ ನೋಡಿ. ಇಳಿದು ನಡೆದರೆ ಇಡೀ ಹಿಂಡು ಓಡುತ್ತೆ, ಗಾಡಿಗೆ ಅಷ್ಟು ಹೆದರಲ್ಲ.

ಬುಕ್ಕಾಪಟ್ಟಣ ಈ ಸಲ ಬಿಡಿ ಅಂತ ನನ್ನ ಸಲಹೆ. ಚಿಂಕಾರ ಬಯಲಲ್ಲಿ ಹಿಂಡಾಗಿ ನಿಲ್ಲೋ ಪ್ರಾಣಿಯಲ್ಲ, ಕುರುಚಲಲ್ಲಿ ಒಂದೋ ಎರಡೋ. ನೀರು ಕುಡಿಯದೇ ಗಿಡದ ತೇವದಲ್ಲೇ ದಿನ ದೂಡೋದರಿಂದ ಕೆರೆ ಹತ್ತಿರ ಕಾದರೂ ಬರಲ್ಲ. ಅನುಮತಿ, ಜೊತೆಗೊಬ್ಬ ಸಿಬ್ಬಂದಿ, ಇಡೀ ಬೆಳಿಗ್ಗೆ ಮೂರೂ ಬೇಕು. ಮಕ್ಕಳಿಗೆ ಬೇಸರ ಗ್ಯಾರಂಟಿ.

ಶಿರಾಗೇಟ್_ಸವಾರ
ಎಲ್ಲರಿಗೂ ವಂದನೆ. ಹಾಗಾದ್ರೆ ಹೀಗೆ: ಮೊದಲ ರಾತ್ರಿ ದೇವರಾಯನದುರ್ಗದ ಅತಿಥಿಗೃಹ ಸಿಕ್ಕರೆ ಅಲ್ಲಿ, ಎರಡನೇ ರಾತ್ರಿ ಮಧುಗಿರಿ ಹತ್ತಿರದ ತೋಟದಲ್ಲಿ ಟೆಂಟು, ಮೂರನೇ ಬೆಳಿಗ್ಗೆ ಕತ್ತಲಿರೋವಾಗಲೇ ಹೊರಟು ಮೈದೇನಹಳ್ಳಿ. ಅತಿಥಿಗೃಹ ಸಿಗದಿದ್ದರೆ? ಚಿಕ್ಕಬಳ್ಳಾಪುರದ ಸ್ಕಂದಗಿರಿ ಬೆಟ್ಟದ ಕಡೆ ತಿರುಗಿಸಲಾ?

ಹಳೇಬೀಟ್
ಸಿಗದಿದ್ದರೆ ತುಮಕೂರು ಎಷ್ಟು ದೂರ ಸರ್, ಹದಿನೈದು ಕಿಲೋಮೀಟರ್. ಮನೇಲೇ ಮಲಗಿ ಬೆಳಿಗ್ಗೆ ಬನ್ನಿ. ಸ್ಕಂದಗಿರಿ ಬೇರೆ ದಿಕ್ಕು, ಬೇರೆ ಲೆಕ್ಕ: ಆನ್‌ಲೈನ್ ಬುಕಿಂಗ್ ಇಲ್ಲದೆ ಬಿಡಲ್ಲ, ಬುಕ್ ಮಾಡಿದ ಸಮಯಕ್ಕೇ ಹತ್ತಬೇಕು, ಮೇಲೆ ಉಳಿಯೋ ಹಾಗಿಲ್ಲ. ಎಲ್ಲರ ಗುರುತಿನ ಚೀಟಿಯೂ ಬೇಕು. ಅದನ್ನ ಇನ್ನೊಂದು ಸಲಕ್ಕೆ ಇಟ್ಟುಕೊಳ್ಳಿ.

ನಾಮದ ಚಿಲುಮೆಯಲ್ಲಿ ಕೋತಿ ಕಾಟ ವಿಪರೀತ. ಪ್ಲಾಸ್ಟಿಕ್ ಕವರ್ ಕೈಲಿ ಕಂಡರೆ ಸಾಕು, ತಿಂಡಿ ಇದೆಯೋ ಇಲ್ಲವೋ ನೋಡದೆ ಕಿತ್ಕೊಳ್ಳುತ್ವೆ. ಬಟ್ಟೆ ಚೀಲ, ಬಾಯಿಗೆ ಗಂಟು.

ತಾಯಿಮಗು_ಟ್ರಿಪ್ಪು
ಶೌಚದ ವಿಷಯ ಯಾರೂ ಎತ್ತಲಿಲ್ಲ, ತೋಟದಲ್ಲಿ ಶೌಚಾಲಯ ಕೆಟ್ಟಿದ್ದರೆ ಬೇಕಾಗುತ್ತೆ. ಸಣ್ಣ ಗುದ್ದಲಿ, ಒಂದು ಗೇಣು ಆಳ, ನೀರಿನ ಜಾಗದಿಂದ ಎಪ್ಪತ್ತು ಹೆಜ್ಜೆ ದೂರ, ಹಗಲಲ್ಲೇ ಜಾಗ ಗುರುತು ಮಾಡಿಡಿ. ಒಣ ನೆಲದಲ್ಲಿ ಟಿಶ್ಯೂ ತಿಂಗಳುಗಟ್ಟಲೆ ಕರಗಲ್ಲ, ಅದನ್ನ ಕವರಲ್ಲಿ ಕಟ್ಟಿ ವಾಪಸ್ ತನ್ನಿ. ಪ್ಯಾಡ್, ಡೈಪರ್ ಹೂಳಿದರೆ ನಾಯಿ, ನರಿ ಅವತ್ತೇ ಅಗೆದು ತೆಗೆಯುತ್ವೆ.

ಶಿರಾಗೇಟ್_ಸವಾರ
ಗುದ್ದಲಿ, ಹದಿನಾರು ಸರಳು, ನಾಣ್ಯದ ಡಬ್ಬಿ, ಮುತ್ತುಗದ ಎಲೆ ಬರ್ಕೊಂಡೆ. ಸೋಮವಾರ ಅತಿಥಿಗೃಹಕ್ಕೆ ಕೇಳಿ, ಏನಾಯ್ತು ಅಂತ ಇಲ್ಲೇ ಹಾಕ್ತೀನಿ.